ಸುಣ್ಣದ ಗಾರೆಯಲ್ಲಿ ಒಂದು ಕಮಲ: ನನ್ನ ಅನುಭವ

ಹೂವಿಗೆ ಹಿಡಿದದ್ದು 4 ದಿನ. ಅದಕ್ಕೆ ಬೇಕಾದ ಸುಣ್ಣ ಹದವಾಗಲು 3 ತಿಂಗಳು. ಗಾರೆ ಶಿಲ್ಪ ಕಲಿಯುವವರಿಗೆ ಈ ಲೆಕ್ಕ ಮೊದಲೇ ಗೊತ್ತಿದ್ದರೆ ಅರ್ಧ ನಿರಾಸೆ ತಪ್ಪುತ್ತದೆ.

ಕಲಿಕೆಗೆ ನಾನು ಕಟ್ಟಿಕೊಂಡದ್ದು 2 ಅಡಿ ಉದ್ದ, 2 ಅಡಿ ಎತ್ತರದ ಇಟ್ಟಿಗೆ ಗೋಡೆ. ಅದರ ನಡುವೆ 9 ಇಂಚಿನ ಕಮಲ, ಉಬ್ಬು ಹೆಚ್ಚೆಂದರೆ ಒಂದೂವರೆ ಇಂಚು. ಮನೆಯ ಗೋಡೆಯ ಮೇಲೆ ಕಲಿಯಬೇಡಿ, ಕೆಡವಲು ಮನಸ್ಸು ಬರುವುದಿಲ್ಲ.

ಅಂಗಡಿಯ ಚೀಲದ ಪುಡಿ ಸುಣ್ಣ ಗಾಳಿಗೆ ಹಳತಾಗಿರಬಹುದು. ಚಿಟಿಕೆ ಪುಡಿಯ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಅದು ಆಗಲೇ ಮತ್ತೆ ಕಲ್ಲಾಗತೊಡಗಿದೆ, ಗಾರೆಗೆ ಬಾರದು. ಸುಟ್ಟ ಸುಣ್ಣದ ಹೆಂಟೆಗಳನ್ನೇ ತಂದು ಅರಳಿಸುವುದು ಒಳ್ಳೆಯದು: 15 ಲೀಟರ್ ನೀರಿಗೆ 5 ಕಿಲೋ ಹೆಂಟೆ. ಮೊದಲು ತಗಡಿನ ಡ್ರಮ್ಮಿಗೆ ನೀರು, ಆಮೇಲೆ ಹೆಂಟೆ, ಒಂದೊಂದಾಗಿ. ಹೆಂಟೆಯ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ. ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ಮೆತ್ತಗಾಗುತ್ತದೆ. ಮರುದಿನ 1 ಮಿ.ಮೀ. ಜರಡಿಯಲ್ಲಿ ಸೋಸಿ, ಮೇಲೆ ಎರಡು ಇಂಚು ನೀರು ನಿಲ್ಲಿಸಿ ಮುಚ್ಚಿಡಿ. 9-10 ಲೀಟರ್ ಮುದ್ದೆ ಸಿಗುತ್ತದೆ. ಸೋಸುವುದನ್ನು ಬಿಟ್ಟರೆ ಅರಳದೆ ಉಳಿದ ಹರಳು ಗೋಡೆಯೊಳಗೆ ತಡವಾಗಿ ಅರಳಿ, ತಿಂಗಳುಗಳ ನಂತರ ಸಣ್ಣ ಬಟ್ಟಲಿನ ಆಕಾರದ ಚೂರನ್ನು ಹೊರಗೆಸೆಯುತ್ತದೆ. ಮೂರು ತಿಂಗಳಿಗೆ ಮುದ್ದೆ ಬೆಣ್ಣೆಯಂತಾಗಿ ಕರಣೆಗೆ ಅಂಟಿಕೊಂಡು ನಿಲ್ಲುತ್ತದೆ.

ಗಾರೆ ಕಲಸುವಾಗ ಸೇರಿಸುವ ಅಳಲೆಕಾಯಿ–ಬೆಲ್ಲದ ನೀರಿನ ಬಗ್ಗೆ ಪವಾಡದಂತೆ ಮಾತಾಡುವವರಿದ್ದಾರೆ. ಬೆಲ್ಲ ಗಾರೆಯನ್ನು ಮೆದುವಾಗಿಸಿ, ಕಡಿಮೆ ನೀರಿನಲ್ಲೇ ಕಲಸಲು ಬಿಡುತ್ತದೆ. ಅತಿಯಾದರೆ ಗಾರೆ ಗಟ್ಟಿಯಾಗುವುದೇ ಇಲ್ಲ, ಇರುವೆ ಬೇರೆ. ನನ್ನ ಅಳತೆ: 10 ಲೀಟರ್ ನೀರಿಗೆ ಜಜ್ಜಿದ ಅಳಲೆಕಾಯಿ ಕಾಲು ಕಿಲೋ, ಬೆಲ್ಲ ಕಾಲು ಕಿಲೋ, ಒಂದು ವಾರ ಹುಳಿಯಲು ಬಿಟ್ಟು ಸೋಸಿದ್ದು. ಇದಕ್ಕೆ ಮಾತ್ರ ಕಬ್ಬಿಣದ ಪಾತ್ರೆ ಬೇಡ. ಅಳಲೆಕಾಯಿಯ ಒಗರು ಕಬ್ಬಿಣಕ್ಕೆ ಸೇರಿದರೆ ಶಾಯಿಯಂತೆ ಕಪ್ಪಾಗುತ್ತದೆ. ಕೊನೆಯ ಬಿಳಿ ಪದರಕ್ಕೂ ಈ ನೀರು ಸಲ್ಲದು, ಕಂದು ಛಾಯೆ ಉಳಿಯುತ್ತದೆ.

ಮರಳಿನ ಅಳತೆಯನ್ನು ಮರಳನ್ನೇ ಕೇಳಬೇಕು. ಲೀಟರ್ ಪಾತ್ರೆಗೆ ಒಣ ಮರಳು ತುಂಬಿ, ಮೇಲಿನವರೆಗೆ ಬರುವಷ್ಟು ನೀರು ಹೊಯ್ಯಿರಿ. ಸುಮಾರು 330-350 ಮಿ.ಲೀ. ಹಿಡಿಯುತ್ತದೆ. ಹರಳುಗಳ ನಡುವಿನ ಆ ಖಾಲಿ ಜಾಗವನ್ನು ಸುಣ್ಣ ತುಂಬಬೇಕು, ಅದಕ್ಕೇ 1 ಪಾಲು ಸುಣ್ಣಕ್ಕೆ 3 ಪಾಲು ಮರಳು. ಕಲಸಿದ ಮೇಲೆ ಅದು 4 ಪಾಲಾಗುವುದಿಲ್ಲ, 3ಕ್ಕಿಂತ ತುಸು ಹೆಚ್ಚು ಅಷ್ಟೇ. ಎಂ-ಸ್ಯಾಂಡ್ ಆದರೆ ತೊಳೆದು ಧೂಳು ತೆಗೆಯಿರಿ, ಇಲ್ಲವಾದರೆ ಬಿರುಕು ಖಂಡಿತ. ಒದ್ದೆ ಜಾಗದ ಗೋಡೆಗೆ ಒಂದು ಪಾಲು ಮರಳಿನ ಬದಲು ಸುರ್ಕಿ ಹಾಕಬಹುದು. ಹದವಾಗಿ ಬೆಂದ ಇಟ್ಟಿಗೆಯ ಪುಡಿಯೇ ಆಗಬೇಕು, ಕರಕಲು ಇಟ್ಟಿಗೆಯದು ಬರೀ ಮರಳಿದ್ದಂತೆ.

ಕಲಸಿದ್ದು ಪುಡಿಪುಡಿಯಾಗಿ ಕಂಡರೂ ನೀರು ಸುರಿಯಬೇಡಿ. ಕುಟ್ಟಿ. ಹಿಂದೆ ವೃತ್ತಾಕಾರದ ದೋಣಿಯಲ್ಲಿ ಕಲ್ಲಿನ ಚಕ್ರ ಉರುಳಿಸಿ ಅರೆಯುವ ಗಾಣವಿರುತ್ತಿತ್ತು, ನಮಗೆ ಹಳೆಯ ಒರಳು ಸಾಕು. ಹತ್ತು ನಿಮಿಷ ಕುಟ್ಟಿದರೆ ಮುದ್ದೆಯೊಳಗಿನ ನೀರೇ ಹೊರಬಂದು ಗಾರೆ ಮೆತ್ತಗಾಗುತ್ತದೆ. ತೀರಾ ಬಿಗಿ ಎನಿಸಿದರೆ ಮಾತ್ರ ಅಳಲೆಕಾಯಿ ನೀರು, ಚಮಚದ ಲೆಕ್ಕದಲ್ಲಿ.

ಗೋಡೆಯನ್ನು ಹಿಂದಿನ ಸಂಜೆ ನೆನೆಸಿ, ಬೆಳಿಗ್ಗೆ ಇನ್ನೊಮ್ಮೆ. ನೀರಿನ ಹೊಳಪು ಆರಿ ತಂಪು ಮಾತ್ರ ಉಳಿದಾಗ ಗಾರೆಯನ್ನು ಕರಣೆಯಿಂದ ಎರಚಬೇಕು, ಸವರಬಾರದು. ಮೊದಲ ಪದರ 10 ಮಿ.ಮೀ., ಮೇಲೆ ಅಡ್ಡಡ್ಡ ಗೀರು. ಹತ್ತು ದಿನ ಕಳೆದು, ಹೆಬ್ಬೆರಳ ಉಗುರು ಊರದಷ್ಟಾದಾಗ ಎರಡನೆಯದು, 6 ಮಿ.ಮೀ., ಸುಣ್ಣ-ಮರಳು 1:2. ಅಷ್ಟೂ ದಿನ ಗೋಡೆಗೆ ತಾಗದಂತೆ ಒದ್ದೆ ಗೋಣಿ ಇಳಿಬಿಟ್ಟಿರಬೇಕು. ಸುಣ್ಣ ಒಣಗಿ ಗಟ್ಟಿಯಾಗುವುದಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗುವುದು. ಅದಕ್ಕೆ ತೇವ ಬೇಕು. ಬಿಸಿಲಿಗೆ ಬೇಗ ಒಣಗಿದ ಗಾರೆ ಉಜ್ಜಿದರೆ ಉದುರುತ್ತದೆ.

ಹಂಪಿಯ ಕಮಲ ಮಹಲಿನಲ್ಲಿ ಗಾರೆ ಉದುರಿದ ಕಡೆ ಸ್ವಲ್ಪ ಹೊತ್ತು ನಿಂತು ನೋಡಿ. ಒಳಗೆ ಇಟ್ಟಿಗೆ, ಅದರ ಮೇಲೆ ದಪ್ಪ ಗಾರೆ, ಕಮಾನಿನ ಅಲಂಕಾರವೆಲ್ಲ ಆ ಗಾರೆಯದೇ. ದಪ್ಪ ಉಬ್ಬಿಗೆ ಒಳಗೊಂದು ಆಸರೆ ಬೇಕೇ ಬೇಕು. ನನ್ನ ಕಮಲದ ಒಳಗೆ ಇಟ್ಟಿಗೆ ಚೂರು, ತಾಮ್ರದ ಮೊಳೆ, ಸುತ್ತಿದ ತಾಮ್ರದ ತಂತಿ. ಕಬ್ಬಿಣದ ಮೊಳೆಯನ್ನು ಹಸಿ ಸುಣ್ಣ ಕಾಪಾಡುತ್ತದೆ. ಸುಣ್ಣ ಕಲ್ಲಾದ ಮೇಲೆ ಆ ರಕ್ಷಣೆ ಹೋಗಿ, ತುಕ್ಕು ಉಬ್ಬಿ ಎಸಳನ್ನು ಸೀಳುತ್ತದೆ.

ಕಾಗದದ ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಗೋಡೆಗೆ ಹಿಡಿದು, ಇದ್ದಿಲು ಪುಡಿಯ ಬಟ್ಟೆಗಂಟಿನಿಂದ ತಟ್ಟಿದರೆ ಚುಕ್ಕಿಗಳಲ್ಲಿ ಕಮಲ ಮೂಡುತ್ತದೆ. ಹೂವಿನ ಗಾರೆಗೆ 1 ಮಿ.ಮೀ. ಜರಡಿಯ ಮರಳು, 1:2, ಅರ್ಧ ಇಂಚಿಗೆ ಕತ್ತರಿಸಿದ ಸೆಣಬಿನ ಎಳೆ ಒಂದು ಹಿಡಿ. ಸೆಣಬನ್ನು ಬಳಸುವ ಹೊತ್ತಿಗೇ ಬೆರೆಸಿ, ಹಸಿ ಸುಣ್ಣದಲ್ಲಿ ದಿನಗಟ್ಟಲೆ ಇಟ್ಟರೆ ಲಡ್ಡಾಗುತ್ತದೆ. ದಿನಕ್ಕೆ 8-10 ಮಿ.ಮೀ.ಗಿಂತ ದಪ್ಪ ಏರಿಸಬಾರದು, ಸ್ವಂತ ಭಾರಕ್ಕೆ ಜೋತುಬೀಳುತ್ತದೆ. ಹಾಗಾಗಿ ನಾಲ್ಕು ದಿನ.

ಎಸಳಿನ ಅಂಚು ಕೆತ್ತುವ ಗಳಿಗೆ ಮಾತ್ರ ಬೆರಳಿಗೇ ಗೊತ್ತಾಗಬೇಕು. ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಸುಣ್ಣ ಅಂಟಬಾರದು. ಅದಕ್ಕೂ ಮುಂಚೆ ಬಿದಿರಿನ ಚೂರಿ ಇಟ್ಟರೆ ಅಂಚು ಹರಿಯುತ್ತದೆ, ತಡವಾದರೆ ಚಕ್ಕೆ ಏಳುತ್ತದೆ. ಡಿಸೆಂಬರಿನ ಮೋಡದ ದಿನ ಈ ಅವಕಾಶ ಮೂರು-ನಾಲ್ಕು ಗಂಟೆ ಸಿಕ್ಕಿತು, ಮಾರ್ಚ್ ಬಿಸಿಲಲ್ಲಿ ಒಂದು ಗಂಟೆಯೂ ಇಲ್ಲ.

ಜೇಡರಬಲೆಯಂಥ ಕೂದಲು ಬಿರುಕು ಕಂಡರೆ ಸುಣ್ಣ ಹೆಚ್ಚಾಗಿದೆ, ಅಥವಾ ಸ್ಟೀಲ್ ಕರಣೆಯಿಂದ ಉಜ್ಜಿ ಉಜ್ಜಿ ಸುಣ್ಣವನ್ನು ಮೇಲಕ್ಕೆ ಎಳೆದಿದ್ದೀರಿ. ಹಸಿ ಇರುವಾಗಲೇ ಮರದ ಮಣೆಯಿಂದ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ನಾನು ದಿನಕ್ಕೆ ಎರಡು ಮೂರು ಬಾರಿ ಒತ್ತುತ್ತಿದ್ದೆ. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗೋಡೆ ಒಣಗಿತ್ತು ಎಂದರ್ಥ. ಅದಕ್ಕೆ ತೇಪೆ ಇಲ್ಲ, ಕಿತ್ತು ಹೊಸದಾಗಿ ಹಾಕಬೇಕು. ಸಿಮೆಂಟ್ ಸೇರಿಸುವ ಆಸೆಯನ್ನಂತೂ ಬಿಡಿ.

ಕೊನೆಗೆ ಸುಣ್ಣದ ಮುದ್ದೆ, ನುಣುಪು ಮಾರ್ಬಲ್ ಪುಡಿ ಸಮಸಮ ಕಲಸಿ ಒಂದು ಮಿ.ಮೀ. ಸವರಿದೆ.

ಇದೇ ಗಾರೆಯಲ್ಲಿ ಬಿಸ್ಕತ್ತಿನಂಥ ನಾಲ್ಕಾರು ಬಿಲ್ಲೆ ಮಾಡಿ ಹೂವಿನ ಪಕ್ಕದಲ್ಲೇ ಇಟ್ಟಿರಿ. ತಿಂಗಳಿಗೊಂದು ಮುರಿದು, ಮುರಿದ ಮುಖಕ್ಕೆ ಅರಿಶಿನದ ನೀರು ಹಚ್ಚಿ. ಸುಣ್ಣ ಇನ್ನೂ ಹಸಿಯಿರುವ ಒಳಭಾಗ ಓಕುಳಿಯಂತೆ ಕೆಂಪಾಗುತ್ತದೆ, ಕಲ್ಲಾದ ಅಂಚು ಹಳದಿಯಾಗಿಯೇ ಉಳಿಯುತ್ತದೆ. ಮೊದಲ ತಿಂಗಳ ಬಿಲ್ಲೆಯಲ್ಲಿ ಆ ಅಂಚು ಉಗುರಿನ ದಪ್ಪವಷ್ಟೇ ಇತ್ತು.