ಆಕಾಶದಿಂದ ನಮ್ಮೂರ ಕೆರೆ ನೋಡಿದ್ದು

ಕೋಲಾರ ತಾಲ್ಲೂಕಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಅದರ ಗೋಡೆಗೆ ನಮ್ಮೂರ ಕೆರೆಯ ಎರಡು ಚಿತ್ರ ಅಂಟಿಸಿದ್ದೇನೆ. ಒಂದು 2017ರ ಏಪ್ರಿಲ್‌ನದು, ಇನ್ನೊಂದು 2021ರದು. ಎರಡೂ ಉಪಗ್ರಹ ತೆಗೆದವು. ಪಹಣಿ ತೆಗೆಸೋಕೆ ಬಂದವರು ಮೊದಲು ಅಲ್ಲಿಗೇ ಹೋಗುತ್ತಾರೆ. ಏರಿ ಎಲ್ಲಿ, ಕೋಡಿ ಎಲ್ಲಿ ಅಂತ ಬೆರಳಿಟ್ಟು ಹುಡುಕುತ್ತಾರೆ. ತೂಬು ಮಾತ್ರ ಸಿಗುವುದಿಲ್ಲ. ಚಿತ್ರದ ಒಂದೊಂದು ಚುಕ್ಕೆಯೂ ನೆಲದ ಮೇಲೆ 10 ಮೀಟರ್ ಅಗಲ, ಅಷ್ಟು ಸಣ್ಣದು ಅದರಲ್ಲಿ ಕಾಣಲ್ಲ.

ಅಂಗಡಿ ಖಾಲಿ ಇದ್ದ ಒಂದು ಮಧ್ಯಾಹ್ನ ಇದು ನನ್ನ ಕಣ್ಣಿಗೆ ಬಿತ್ತು. ಕೋಪರ್ನಿಕಸ್ ಬ್ರೌಸರ್ ಅಂತ ಯುರೋಪಿನವರ ವೆಬ್‌ಸೈಟ್. ಅವರ ಸೆಂಟಿನೆಲ್-2 ಉಪಗ್ರಹಗಳು ಸುಮಾರು 5 ದಿನಕ್ಕೊಮ್ಮೆ ನಮ್ಮ ತಲೆ ಮೇಲೆ ಹಾದುಹೋಗುತ್ತವೆ. ಊರು ಹುಡುಕಿ, ತಾರೀಖು ಆರಿಸಿದರೆ ಸಾಕು, ಚಿತ್ರ ಬರುತ್ತದೆ. ಒಂದು ಪೈಸೆ ಬೇಡ. ಮಳೆಗಾಲದಲ್ಲಿ ಬರೀ ಮೋಡವೇ ಜಾಸ್ತಿ. ಹಾಗಾಗಿ ನಾನು ಜನವರಿಯಿಂದ ಏಪ್ರಿಲ್‌ವರೆಗಿನ ತಾರೀಖುಗಳನ್ನೇ ನೋಡುತ್ತೇನೆ.

ಪುಕ್ಕಟೆ ಯಾಕೆ ಕೊಡ್ತಾರೆ ಅಂತ ಹುಡುಕಿದಾಗ ಸಿಕ್ಕಿದ್ದು ಇನ್ನೂ ದೊಡ್ಡ ವಿಷಯ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ ಒಂದಕ್ಕೆ ಒಂದು ಕಾಲದಲ್ಲಿ 600 ಡಾಲರ್ ಬೆಲೆ ಇತ್ತು. 2008ರಲ್ಲಿ ಅಲ್ಲಿನ ಸರ್ಕಾರ ಬೆಲೆ ತೆಗೆದುಹಾಕಿತು. ಜನರ ತೆರಿಗೆಯಲ್ಲಿ ತೆಗೆದ ಚಿತ್ರ ಜನರಿಗೇ ಸಿಗಲಿ ಅನ್ನುವ ನಿರ್ಧಾರ. ಯುರೋಪಿನವರೂ ಆಮೇಲೆ ಅದೇ ದಾರಿ ಹಿಡಿದರು. ಆ ಬಾಗಿಲು ತೆರೆಯದೇ ಇದ್ದಿದ್ದರೆ, ನನ್ನಂಥ ಅಂಗಡಿಯವನಿಗೆ ನಮ್ಮೂರ ಕೆರೆ ಆಕಾಶದಿಂದ ಕಾಣುತ್ತಿತ್ತಾ?

ನಮಗೆ ಕೆರೆ ಅಂದ್ರೆ ಸುಮ್ನೆ ಮಾತಲ್ಲ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಕೊಳವೆಬಾವಿ ಸಾವಿರ ಅಡಿ ದಾಟಿವೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರ್‌ನಂತೆ 126 ಕೆರೆ ತುಂಬಿಸುವ ಯೋಜನೆ ಅದು. ನಮ್ಮ ಕೆರೆಗೆ ಆಮೇಲೆ ಬಂತು.

ನಾನು ಎಡವಿದ್ದು ಬಣ್ಣದಲ್ಲಿ. ಈ ಚಿತ್ರಗಳನ್ನು ಕಣ್ಣಿಗೆ ಕಾಣದ ಬೆಳಕಿನಲ್ಲೂ ನೋಡಬಹುದು. ಆಗ ಗಿಡ ಇರುವಲ್ಲೆಲ್ಲ ಕೆಂಪು, ನೀರು ಕಪ್ಪು. ಒಂದು ವರ್ಷ ನಮ್ಮ ಕೆರೆ ಅರ್ಧಕ್ಕರ್ಧ ಕೆಂಪಾಗಿತ್ತು. ನೀರು ಇಳಿದು ಜಾಲಿ ಬೆಳೆದಿದೆ ಅಂದುಕೊಂಡು, ಪ್ರಿಂಟ್ ತೆಗೆದು ನಾಲ್ಕು ಜನಕ್ಕೆ ಹೇಳಿಬಿಟ್ಟೆ. ಊರಿನ ಹಳೇ ನೀರುಗಂಟಿ ತಾತ ಚಿತ್ರ ನೋಡಿ, "ಬಾ ಮಗ" ಅಂತ ಏರಿ ಮೇಲೆ ಕರೆದುಕೊಂಡು ಹೋದರು. ಒಂದು ಕಲ್ಲು ಎತ್ತಿ ಆ ಹಸಿರಿನ ನಡುವೆ ಎಸೆದರು. ಬುಳುಂಕ್ ಅಂತು. ಮೇಲೆ ಅಂತರಗಂಗೆ ಕಳೆ, ಕೆಳಗೆ ತುಂಬಿದ ನೀರು.

ಅವತ್ತಿನಿಂದ ಏರಿ ಮೇಲೆ ನಿಂತು ನೋಡದೆ ಯಾವ ಚಿತ್ರವನ್ನೂ ಗೋಡೆಗೆ ಹಾಕಿಲ್ಲ. ಮೋಡದ ನೆರಳೂ ನೀರಿನ ಹಾಗೇ ಕಪ್ಪಗೆ ಕಾಣುತ್ತದೆ, ಅದಕ್ಕೆ ಹಿಂದಿನ ಮುಂದಿನ ತಾರೀಖಿನ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡುತ್ತೇನೆ. ಇನ್ನೊಂದು ಮಾತನ್ನು ಕೇಳಿದವರಿಗೆಲ್ಲ ಹೇಳುತ್ತೇನೆ. ನೀರು ಎಷ್ಟು ದೂರ ಹರಡಿದೆ ಅಂತ ಈ ಚಿತ್ರದಲ್ಲಿ ಗೊತ್ತಾಗುತ್ತದೆ. ಆ ನೀರು ಎಂಥದು ಅಂತ ತಿಳಿಯೋಕೆ ಬಾಟಲಿಯಲ್ಲಿ ಹಿಡಿದು ಲ್ಯಾಬ್‌ಗೇ ಕಳಿಸಬೇಕು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ನಮ್ಮ ಕಡೆ ಜನ ಕೇಳುತ್ತಿರುವುದು ನ್ಯಾಯವಾಗಿಯೇ ಇದೆ.

ಈಗ ಲ್ಯಾಂಡ್‌ಸ್ಯಾಟ್‌ನ ಹಳೇ ಚಿತ್ರಗಳಲ್ಲಿ 1991 ಹುಡುಕುತ್ತಿದ್ದೇನೆ. ಆ ವರ್ಷ ಕೋಡಿ ಹರಿದಿತ್ತು ಅಂತಾರೆ ತಾತ. ಅದರಲ್ಲಿ ಒಂದು ಚುಕ್ಕೆ 30 ಮೀಟರ್, ಎಲ್ಲ ಮಸುಕು. ಸಿಕ್ಕಿದ ದಿನ ಮೊದಲ ಪ್ರಿಂಟ್ ಅವರಿಗೆ.