ಕಾರಿನ ಹೆಡ್‌ಲೈಟ್ ಕೆಟ್ಟಾಗ: ವಾರಂಟಿಯಲ್ಲಿ ಬದಲಾಯಿಸಿಕೊಳ್ಳುವ ಬಗೆ

ಹೆಡ್‌ಲೈಟಿನ ದೋಷ ಕಾಣುವುದು ರಾತ್ರಿ, ಸರ್ವೀಸ್ ಸೆಂಟರ್ ತೆರೆದಿರುವುದು ಹಗಲು. ವಾರಂಟಿ ಇನ್ನೂ ಉಳಿದಿರುವ ಕಾರಿನ ದೀಪವನ್ನು ಬದಲಾಯಿಸಿಕೊಳ್ಳಲು ಹೋದವರು ಬರಿಗೈಯಲ್ಲಿ ಹಿಂದಿರುಗುವುದಕ್ಕೆ ಈ ಅಂತರವೇ ಬಹುಮಟ್ಟಿಗೆ ಕಾರಣವೆಂದು ನನಗೆ ಮನವರಿಕೆಯಾದದ್ದು ಕಳೆದ ಮಳೆಗಾಲದಲ್ಲಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮತ್ತು ಎತ್ತಿನ ಗಾಡಿಗಳಿಗೆ ಪ್ರವೇಶವಿಲ್ಲದ ಕಾರಣ ಅವೆಲ್ಲವೂ ಸರ್ವೀಸ್ ರಸ್ತೆಯಲ್ಲೇ ಸಾಗುತ್ತವೆ. ಮಂಡ್ಯದಿಂದ ಮೈಸೂರಿಗೆ ಆ ರಸ್ತೆಯಲ್ಲಿ ಬರುತ್ತಿದ್ದಾಗ, ಹಿಂಬದಿ ದೀಪವಿಲ್ಲದ ಕಬ್ಬಿನ ಗಾಡಿಯೊಂದು ಎಡಗಡೆಯಲ್ಲಿ ಹತ್ತು ಮಾರು ದೂರಕ್ಕೆ ಬಂದ ಮೇಲಷ್ಟೇ ನನಗೆ ಕಾಣಿಸಿತು. ಮರುದಿನ ಬೆಳಿಗ್ಗೆ ಸರ್ವೀಸ್ ಸೆಂಟರಿನಲ್ಲಿ ಸುಡುಬಿಸಿಲಿನಲ್ಲಿ ದೀಪ ಹಾಕಿ ನೋಡಿದ ಅಡ್ವೈಸರ್, "ಎರಡೂ ಉರೀತಿವೆಯಲ್ಲ ಸರ್" ಎಂದು ಹೇಳಿ ಜಾಬ್ ಕಾರ್ಡಿನಲ್ಲಿ, ಅಂದರೆ ಕಾರಿನ ದೂರು ಮತ್ತು ಕೆಲಸವನ್ನು ಬರೆದಿಡುವ ಚೀಟಿಯಲ್ಲಿ, ದೋಷ ಕಂಡುಬಂದಿಲ್ಲವೆಂದು ಬರೆದುಕೊಟ್ಟರು. ಎರಡನೆಯ ಸಲ ಸಿದ್ಧತೆ ಮಾಡಿಕೊಂಡು ಹೋದೆ. ಆ ಸಿದ್ಧತೆಯ ವಿವರವೇ ಈ ಬರಹ.

ಮೊದಲು ಕೆಟ್ಟಿರುವುದು ಯಾವುದು ಎಂಬುದನ್ನು ಮನೆಯಲ್ಲೇ ಗೊತ್ತುಮಾಡಿಕೊಳ್ಳಬೇಕು. ಎರಡೂ ದೀಪಗಳು ಒಟ್ಟಿಗೆ ಆರಿಹೋದರೆ ಫ್ಯೂಸ್, ರಿಲೇ ಅಥವಾ ಸ್ವಿಚ್ಚಿನ ಮೇಲೆ ಅನುಮಾನ ಪಡಬೇಕು. ಒಂದು ಮಾತ್ರ ಆರಿದ್ದರೆ ಬಲ್ಬು, ಹೋಲ್ಡರ್ ಅಥವಾ ಅರ್ತ್ ವೈರಿನ ಕಡೆ ನೋಡಬೇಕು; ಆದರೆ ಅನೇಕ ಕಾರುಗಳಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಫ್ಯೂಸ್ ಇರುವುದರಿಂದ ಅದನ್ನೂ ಒಮ್ಮೆ ತೆಗೆದು ಪರೀಕ್ಷಿಸುವುದು ಒಳ್ಳೆಯದು. ಹ್ಯಾಲೊಜೆನ್ ಬಲ್ಬಿನ ಕಾರಾದರೆ ಎಡದ ಬಲ್ಬನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ನೋಡಬೇಕು: ದೋಷವು ಬಲ್ಬಿನ ಜೊತೆಗೇ ಜಾಗ ಬದಲಿಸಿದರೆ ಬಲ್ಬು ಹೋಗಿದೆ, ಇದ್ದಲ್ಲೇ ಉಳಿದರೆ ಹೋಲ್ಡರ್ ಅಥವಾ ವೈರಿಂಗ್ ಹೋಗಿದೆ. ಹೀಗೆ ಮಾಡುವಾಗ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು, ಏಕೆಂದರೆ ಬೆರಳಿನ ಜಿಡ್ಡು ತಗುಲಿದ ಜಾಗ ಮಿತಿಮೀರಿ ಕಾದು ಬಲ್ಬಿನ ಆಯಸ್ಸು ಕಡಿಮೆಯಾಗುತ್ತದೆ. 60/55 ವಾಟ್‌ನ ಎಚ್4 ಬಲ್ಬಿನಂಥ ವಸ್ತುಗಳನ್ನು ಕಂಪನಿಗಳು ಸಾಮಾನ್ಯವಾಗಿ ಸವೆಯುವ ಭಾಗಗಳ ಪಟ್ಟಿಗೆ ಸೇರಿಸಿ ವಾರಂಟಿಯಿಂದ ಹೊರಗಿಟ್ಟಿರುತ್ತವೆ. ಕೆಲವು ನೂರು ರೂಪಾಯಿಯ ಆ ಬಲ್ಬಿಗಾಗಿ ಜಗಳಕ್ಕೆ ನಿಲ್ಲದೆ ಕೊಂಡು ಹಾಕಿಸಿಕೊಳ್ಳುವುದೇ ಲೇಸು. ಎಲ್‌ಇಡಿ ದೀಪಗಳ ಮಾತು ಬೇರೆ. ಅವುಗಳಲ್ಲಿ ಬಹುತೇಕ ಒಳಗಿನ ಭಾಗವನ್ನು ಬಿಡಿಯಾಗಿ ಬದಲಾಯಿಸಲು ಬರುವುದಿಲ್ಲ, ಇಡೀ ಅಸೆಂಬ್ಲಿಯನ್ನೇ, ಅಂದರೆ ಪೂರ್ತಿ ದೀಪವನ್ನೇ, ಹಾಕಬೇಕಾಗುತ್ತದೆ, ಮತ್ತು ಹಲವು ಮಾದರಿಗಳಲ್ಲಿ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ ಆಗುವುದರಿಂದ ವಾರಂಟಿಯ ಪ್ರಶ್ನೆ ನಿಜವಾಗಿ ಏಳುವುದು ಇಲ್ಲಿಯೇ.

ಇನ್ನೊಂದು ಸಣ್ಣ ಸಂಗತಿ: ಸ್ಟೀರಿಂಗಿನ ಬಳಿ ದೀಪದ ಎತ್ತರ ಹೊಂದಿಸುವ, 0ಯಿಂದ 3ರವರೆಗೆ ಅಂಕಿಗಳಿರುವ ಗುಂಡಿಯೊಂದು ಅನೇಕ ಕಾರುಗಳಲ್ಲಿರುತ್ತದೆ. ಹಿಂದಿನ ಸೀಟು ಮತ್ತು ಡಿಕ್ಕಿ ತುಂಬಿದಾಗ ಬೆಳಕನ್ನು ಕೆಳಗಿಳಿಸಲು ಇರುವ ಈ ಗುಂಡಿ ಮಕ್ಕಳ ಕೈಗೆ ಸಿಕ್ಕಿ 3ಕ್ಕೆ ತಿರುಗಿದ್ದರೆ, ಬೆಳಕು ಬಂಪರಿನ ಮುಂದೆಯೇ ಬೀಳುತ್ತದೆ. ದೂರು ಕೊಡುವ ಮುನ್ನ ಅದನ್ನು 0ಗೆ ತಂದು ನೋಡಿಕೊಂಡರೆ ಮುಜುಗರ ತಪ್ಪುತ್ತದೆ.

ನನ್ನ ಕಾರಿನ ದೀಪದೊಳಗೆ ನೀರು ಸೇರಿತ್ತು. ಅತಿ ಹೆಚ್ಚು ವಾದ ನಡೆಯುವುದೂ ಈ ವಿಷಯದಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ. ಹೆಡ್‌ಲೈಟ್ ಪೂರ್ಣವಾಗಿ ಗಾಳಿಯಾಡದ ಪೆಟ್ಟಿಗೆಯಲ್ಲ; ದೀಪ ಕಾದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗಲು ಅದರಲ್ಲಿ ಸಣ್ಣ ರಂಧ್ರಗಳಿರುತ್ತವೆ. ಆದಕಾರಣ ಮಳೆಯ ರಾತ್ರಿ ಕಳೆದ ಮೇಲೆ ಅಥವಾ ಕಾರು ತೊಳೆದ ಬಳಿಕ ಒಳಗಡೆ ತೆಳುವಾದ ಮಂಜಿನ ಪೊರೆ ಕಟ್ಟಿಕೊಂಡು, ದೀಪ ಉರಿಸಿದ ಸ್ವಲ್ಪ ಹೊತ್ತಿಗೆ ಅದು ಕರಗಿದರೆ ದೋಷವೆನ್ನಲಾಗದು, ಕಂಪನಿಯ ಕೈಪಿಡಿಗಳೂ ಸಾಮಾನ್ಯವಾಗಿ ಹಾಗೆಯೇ ಹೇಳುತ್ತವೆ. ಆದರೆ ಹನಿಗಳು ಕಟ್ಟಿ ಇಳಿಯುತ್ತಿದ್ದರೆ, ತಳದಲ್ಲಿ ನೀರು ನಿಂತಿದ್ದರೆ, ಪ್ರತಿಫಲಕದ ಮೇಲೆ ಕಲೆ ಬಿದ್ದಿದ್ದರೆ, ಸೀಲ್ ಬಿಟ್ಟಿದೆ ಅಥವಾ ಮೈಯಲ್ಲಿ ಎಲ್ಲೋ ಬಿರುಕಿದೆ ಎಂದು ಅರ್ಥ. ಎಂಜಿನ್ ಚಾಲೂ ಇಟ್ಟು ಅರ್ಧ ಗಂಟೆ ದೀಪ ಉರಿಸಿ, ಉರಿಸುವ ಮೊದಲೂ ಆಮೇಲೂ ಫೋಟೊ ತೆಗೆದಿಟ್ಟುಕೊಂಡರೆ "ಮಳೆಗಾಲದಲ್ಲಿ ಇದೆಲ್ಲ ಮಾಮೂಲಿ" ಎಂಬ ಮಾತಿಗೆ ಉತ್ತರ ಕೈಯಲ್ಲೇ ಇರುತ್ತದೆ.

ಆನಂತರ ವಾರಂಟಿ ಪುಸ್ತಕವನ್ನು ತೆರೆದು ಅವಧಿ ಮತ್ತು ಕಿಲೋಮೀಟರುಗಳಲ್ಲಿ ಯಾವುದು ಮೊದಲು ಮುಗಿಯುತ್ತದೆ ಎಂದು ನೋಡಬೇಕು. ವಿಸ್ತರಿತ ವಾರಂಟಿಯ ಮೇಲೆ ಭರವಸೆಯಿಟ್ಟವರು ಅದರಲ್ಲಿ ದೀಪಗಳು ಸೇರಿವೆಯೇ ಎಂಬುದನ್ನು ಬೇರೆಯಾಗಿ ಓದಬೇಕು. ಹೊರಗಿನ ಅಂಗಡಿಯಲ್ಲಿ ವೈರು ಕತ್ತರಿಸಿ ಪ್ರಖರವಾದ ಎಲ್‌ಇಡಿ ಬಲ್ಬು ಹಾಕಿಸಿದ್ದರೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಅಷ್ಟೇ ಸಾಕು. ಎದುರಿನವರ ಕಣ್ಣು ಕೋರೈಸುವ ಅಂಥ ದೀಪಗಳ ವಿರುದ್ಧ ರಾಜ್ಯದ ಪೊಲೀಸರು 2024ರ ಜುಲೈಯಿಂದ ವಿಶೇಷ ಕಾರ್ಯಾಚರಣೆಯನ್ನೂ ನಡೆಸಿದರು. ಕಲ್ಲು ಸಿಡಿದು ಅಥವಾ ದನ ಗುದ್ದಿ ಒಡೆದ ದೀಪವು ವಾರಂಟಿಗೆ ಬರುವುದಿಲ್ಲ, ವಿಮೆಗೆ ಬರುತ್ತದೆ; ಅಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಶೇ 50ರಷ್ಟು ಸವಕಳಿ ಕಳೆಯುತ್ತಾರೆ, ಜೊತೆಗೆ ಕ್ಲೇಮ್ ಮಾಡದವರಿಗೆ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಕೈತಪ್ಪುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಮುಂದುವರಿಯಬೇಕು.

ಈಗ ರಾತ್ರಿಯ ದೋಷವನ್ನು ಹಗಲಿನವರಿಗೆ ತೋರಿಸುವ ಕೆಲಸ. ಟೈರುಗಳಲ್ಲಿ ಗಾಳಿ ಸರಿಯಾಗಿರಲಿ. ಸಮತಟ್ಟಾದ ಜಾಗದಲ್ಲಿ, ಗೋಡೆಯಿಂದ 25 ಅಡಿ ದೂರಕ್ಕೆ ಕಾರನ್ನು ನೇರವಾಗಿ ನಿಲ್ಲಿಸಿ, ದೀಪದ ನಡುಮಧ್ಯದ ಎತ್ತರವನ್ನು ನೆಲದಿಂದ ಅಳೆದು ಅಷ್ಟೇ ಎತ್ತರದಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ಲೋ ಬೀಮ್ (ತಗ್ಗಿಸಿದ ಬೆಳಕು) ಹಾಕಿದಾಗ ಬೆಳಕಿನ ಮೇಲಂಚು ಈ ಗೆರೆಗಿಂತ ಸ್ವಲ್ಪ ಕೆಳಗಿರಬೇಕು. ನಾವು ರಸ್ತೆಯ ಎಡಗಡೆ ಓಡಿಸುವವರಾದ್ದರಿಂದ ಆ ಅಂಚು ಎಡಕ್ಕೆ ತುಸು ಮೇಲೇರುವಂತೆ ರೂಪಿಸಿರುತ್ತಾರೆ, ಅದನ್ನು ದೋಷವೆಂದು ಎಣಿಸಬಾರದು. ಒಂದೊಂದು ದೀಪವನ್ನೂ ರಟ್ಟಿನಿಂದ ಸ್ವಲ್ಪ ಹೊತ್ತು ಮರೆಮಾಡಿ ಎರಡರ ಬೆಳಕನ್ನೂ ಒಂದೇ ಜಾಗದಿಂದ ಫೋಟೊ ತೆಗೆಯಬೇಕು. ಮಿನುಗುವ ದೀಪವಾದರೆ ವಿಡಿಯೊ ಬೇಕು. ಓಡಿದ ಕಿಲೋಮೀಟರ್ ಕಾಣುವ ಮೀಟರಿನ ಚಿತ್ರ, ಹೊರಮೈಯಲ್ಲಿ ಗೀರು ಅಥವಾ ಬಿರುಕು ಇಲ್ಲವೆಂದು ತೋರಿಸುವ ಹತ್ತಿರದ ಚಿತ್ರ ಇವೆರಡನ್ನೂ ಮರೆಯಬಾರದು. ಪೆಟ್ಟು ಬಿದ್ದಿದೆ ಎಂಬ ಆಕ್ಷೇಪಕ್ಕೆ ಆ ಕೊನೆಯ ಚಿತ್ರವೇ ಸಾಕ್ಷಿ.

ಸರ್ವೀಸ್ ಸೆಂಟರಿಗೆ ಸಂಜೆಯ ಕೊನೆಯ ಸಮಯವನ್ನು ಕೇಳಿ ಪಡೆಯಿರಿ, ಆಗದಿದ್ದರೆ ಒಳಗಿನ ಕತ್ತಲೆ ಮೂಲೆಯಲ್ಲಿ ಪರೀಕ್ಷಿಸಲು ಹೇಳಿ. ಎಲ್ಲಕ್ಕಿಂತ ಮುಖ್ಯವಾದದ್ದು ಜಾಬ್ ಕಾರ್ಡಿನ ಬರವಣಿಗೆ. ಅಡ್ವೈಸರುಗಳು ಅವಸರದಲ್ಲಿ "ಹೆಡ್‌ಲೈಟ್ ಚೆಕ್" ಎಂದಷ್ಟೇ ಬರೆಯುತ್ತಾರೆ. ಚೆಕ್ ಮಾಡಿದೆವು ಎಂದರೆ ಆ ಕೆಲಸ ಅಲ್ಲಿಗೆ ಮುಗಿಯಿತು. ಅದರ ಬದಲಿಗೆ, "ಎಡ ಹೆಡ್‌ಲೈಟಿನ ಒಳಗೆ ನೀರು ನಿಂತಿದೆ, ಅರ್ಧ ಗಂಟೆ ಉರಿಸಿದರೂ ಹೋಗುವುದಿಲ್ಲ, ಲೋ ಬೀಮ್ ಬಲಕ್ಕಿಂತ ಮಂದವಾಗಿದೆ, ವಾರಂಟಿಯಲ್ಲಿ ಬದಲಾಯಿಸಲು ಕೋರಿಕೆ" ಎಂದು ಬರೆಸಿ, ಓದಿ, ಆಮೇಲೆ ಸಹಿ ಮಾಡಬೇಕು. ದೋಷವಿಲ್ಲವೆಂದು ಕಳುಹಿಸಿದರೂ ಪ್ರತಿಯನ್ನು ಬಿಡದೆ ಪಡೆಯಬೇಕು. ವಾರಂಟಿ ಮುಗಿಯುವ ಮುನ್ನವೇ ದೂರು ಕೊಟ್ಟಿದ್ದೆವು ಎಂಬುದಕ್ಕೆ ಅದೇ ಆಧಾರ. ನನ್ನ ಮೊದಲ ಭೇಟಿಯ ಆ ನಿಷ್ಪ್ರಯೋಜಕ ಕಾರ್ಡು ಮುಂದೆ ಉಪಯೋಗಕ್ಕೆ ಬಂದದ್ದು ಹೀಗೆಯೇ.

ಇಷ್ಟು ದುಬಾರಿ ಭಾಗದ ಕ್ಲೇಮಿಗೆ ಒಪ್ಪಿಗೆ ಕೊಡುವುದು ಸಾಮಾನ್ಯವಾಗಿ ಕಂಪನಿ, ಡೀಲರ್ ಅಲ್ಲ. ಡೀಲರ್ ಫೋಟೊಗಳೊಂದಿಗೆ ಕೋರಿಕೆ ಕಳುಹಿಸಿ ಉತ್ತರಕ್ಕಾಗಿ ಕಾಯುತ್ತಾನೆ. ಈ ನಡುವೆ ಬೇರೆ ಗ್ಯಾರೇಜಿನಲ್ಲಿ ದೀಪ ಬಿಚ್ಚಿಸಿ ನೀರು ತೆಗೆಸುವ ಆಸೆಗೆ ಬಲಿಯಾಗಬಾರದು, ಬಿಚ್ಚಿದ ಗುರುತು ಕಂಡರೆ ಕೆಲಸ ಕೆಟ್ಟಂತೆಯೇ.

ಕ್ಲೇಮ್ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಚಾಸಿಸ್ ಸಂಖ್ಯೆ, ಜಾಬ್ ಕಾರ್ಡುಗಳು ಮತ್ತು ಫೋಟೊಗಳೊಂದಿಗೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಕಳುಹಿಸಬೇಕು. ನನ್ನ ಪ್ರಕರಣ ಈ ಹಂತದಲ್ಲೇ ಇತ್ಯರ್ಥವಾಯಿತು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೊನೆಯದಾಗಿ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದಾದ್ದರಿಂದ, ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ಮಂಡ್ಯದವರು ಮಂಡ್ಯದಲ್ಲಿ, ಮೈಸೂರಿನವರು ಮೈಸೂರಿನಲ್ಲಿ ದೂರು ಕೊಡಬಹುದು. ವ್ಯಾಜ್ಯ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವಿದೆ. ಕಾರಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವಿಲ್ಲ. ಡೀಲರ್ ಮತ್ತು ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿ ಜಾರಿಕೊಳ್ಳುತ್ತಾರೆ.

ಹೊಸ ದೀಪ ಹಾಕಿದ ದಿನ, ಬೆಲೆ ಸೊನ್ನೆಯೆಂದಿದ್ದರೂ ಭಾಗದ ಸಂಖ್ಯೆ ನಮೂದಾಗಿರುವ ಬಿಲ್ ಪಡೆಯಬೇಕು. ಅನೇಕ ಕಾರುಗಳಲ್ಲಿ ದೀಪ ತೆಗೆಯಲು ಬಂಪರ್ ಬಿಚ್ಚಬೇಕಾಗುವುದರಿಂದ ಅದರ ಅಂಚುಗಳು ಮೊದಲಿನಂತೆ ಕೂತಿವೆಯೇ ಎಂದು ಅಲ್ಲೇ ನೋಡಬೇಕು. ಬೆಳಕಿನ ಎತ್ತರವನ್ನು ಮಾತ್ರ ಅದೇ ರಾತ್ರಿ ಅದೇ ಗೋಡೆಯ ಮುಂದೆ ಪರೀಕ್ಷಿಸಬೇಕು. ನನ್ನ ಹೊಸ ದೀಪದ ಬೆಳಕು ಹಳೆಯ ಸೀಮೆಸುಣ್ಣದ ಗೆರೆಗಿಂತ ಒಂದು ಗೇಣು ಮೇಲೆ ಬೀಳುತ್ತಿತ್ತು. ಫೋಟೊ ತೆಗೆದುಕೊಂಡು ಮರುದಿನ ಮತ್ತೆ ಅಲ್ಲಿಗೇ ಹೋದಾಗ ಸ್ಕ್ರೂ ತಿರುಗಿಸಿ ಸರಿಮಾಡಲು ಐದು ನಿಮಿಷವೂ ಹಿಡಿಯಲಿಲ್ಲ.