ಹಳೆಯ ಪಿಕಪ್‌ನ ಮೈಲೇಜ್ ಕುಸಿದಾಗ ದೋಷ ಹುಡುಕುವ ಕ್ರಮ

ಹಳೆಯ ಪಿಕಪ್ ಹೆಚ್ಚು ಇಂಧನ ಕುಡಿಯತೊಡಗಿದಾಗ ಬಹುತೇಕ ಮಾಲೀಕರು ಮೊದಲು ಹೋಗುವುದು ಬಿಡಿಭಾಗಗಳ ಅಂಗಡಿಗೆ. ಹೊಸ ಪ್ಲಗ್, ಹೊಸ ಏರ್ ಫಿಲ್ಟರ್, ಟ್ಯಾಂಕಿಗೆ ಸುರಿಯುವ ಯಾವುದೋ ಬಾಟಲಿಯ ದ್ರಾವಣ, ಇವೆಲ್ಲ ಒಂದೇ ದಿನ ಗಾಡಿಗೆ ಸೇರುತ್ತವೆ. ಆಮೇಲೆ ಮೈಲೇಜ್ ಸುಧಾರಿಸಿದರೆ ಯಾವುದರಿಂದ ಸುಧಾರಿಸಿತೆಂದು ಹೇಳಲಾಗದು. ಸುಧಾರಿಸದಿದ್ದರೆ ಮುಂದೆ ಎಲ್ಲಿ ಕೈ ಹಾಕಬೇಕೆಂದೂ ತೋಚದು. ಸರಿಯಾದ ಕ್ರಮ ಇದಕ್ಕೆ ತಿರುವುಮುರುವಾದದ್ದು. ಮೊದಲು ಅಳೆಯಬೇಕು, ಬಳಿಕ ಮುಟ್ಟಿ ನೋಡಿ ತಿಳಿಯಬಹುದಾದ ದೋಷಗಳನ್ನು ಒಂದೊಂದಾಗಿ ತಳ್ಳಿಹಾಕುತ್ತ ಹೋಗಬೇಕು, ಎಂಜಿನ್ ಬಿಚ್ಚುವ ಮಾತು ಕೊನೆಗೆ ಬರಬೇಕು.

ಅಷ್ಟು ತಾಳ್ಮೆ ಏಕೆ ಎನ್ನುವವರು ಒಂದು ಸಣ್ಣ ಲೆಕ್ಕವನ್ನು ಗಮನಿಸಬಹುದು. ಲೀಟರಿಗೆ 6 ಕಿಮೀ ಓಡುವ ಗಾಡಿಗೆ 1000 ಕಿಮೀ ಪ್ರಯಾಣಕ್ಕೆ ಸುಮಾರು 167 ಲೀಟರ್ ಬೇಕು. ಅದನ್ನು 7 ಕಿಮೀಗೆ ತಂದರೆ 143 ಲೀಟರ್ ಸಾಕು, ಅಂದರೆ 24 ಲೀಟರ್ ಉಳಿತಾಯ. ಲೀಟರಿಗೆ 12 ಕಿಮೀ ಓಡುವ ಗಾಡಿಯನ್ನು 13ಕ್ಕೆ ಏರಿಸಿದರೆ ಅದೇ ದೂರಕ್ಕೆ ಉಳಿಯುವುದು ಆರೂವರೆ ಲೀಟರ್ ಕೂಡ ಇಲ್ಲ. ಮೈಲೇಜ್ ಎಷ್ಟು ಕೆಟ್ಟಿದೆಯೋ ಒಂದೊಂದು ಕಿಲೋಮೀಟರಿನ ಸುಧಾರಣೆಗೂ ಅಷ್ಟು ಹೆಚ್ಚು ಬೆಲೆಯಿರುತ್ತದೆ.

ಅಳತೆ

ಇಂಧನ ಮೀಟರಿನ ಮುಳ್ಳನ್ನು ನಂಬಿ ಮೈಲೇಜ್ ಹೇಳಬಾರದು. ಟ್ಯಾಂಕ್ ಪೂರ್ತಿ ತುಂಬಿಸಿ, ಪಂಪಿನ ನಳಿಕೆ ತಾನಾಗಿ ನಿಂತ ಕೂಡಲೇ ನಿಲ್ಲಿಸಿ, ಓಡೋಮೀಟರ್ ಬರೆದುಕೊಳ್ಳಬೇಕು. ಕನಿಷ್ಠ 300 ಕಿಮೀ ಓಡಿಸಿ, ಸಾಧ್ಯವಿದ್ದರೆ ಅದೇ ಪಂಪಿನಲ್ಲಿ, ಗಾಡಿ ಅದೇ ಓರೆಯಲ್ಲಿ ನಿಂತಿರುವಂತೆ ಮತ್ತೆ ತುಂಬಿಸಿ ಭಾಗಿಸಬೇಕು. ಹೀಗೆ ಮೂರು ಟ್ಯಾಂಕುಗಳ ಸರಾಸರಿ ಸಿಕ್ಕ ಮೇಲಷ್ಟೇ ಆ ಸಂಖ್ಯೆಯನ್ನು ನಂಬಬಹುದು.

ಓಡೋಮೀಟರ್ ಕೂಡ ಸುಳ್ಳು ಹೇಳಬಹುದು. ಪಿಕಪ್‌ಗಳಿಗೆ ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರ್ ಹಾಕಿಸುವ ಹವ್ಯಾಸ ಸಾಮಾನ್ಯ. ಟೈರಿನ ಸುತ್ತಳತೆ ಶೇಕಡಾ 5ರಷ್ಟು ಹೆಚ್ಚಿದ್ದರೆ ಗಾಡಿ 105 ಕಿಮೀ ಓಡಿದರೂ ಮೀಟರ್ 100 ಎಂದೇ ತೋರಿಸುತ್ತದೆ, ಇಲ್ಲದ ನಷ್ಟ ಕಾಗದದ ಮೇಲೆ ಕಾಣುತ್ತದೆ. ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳಿಗೋ ಮೊಬೈಲಿನ ಜಿಪಿಎಸ್‌ಗೋ ಹೋಲಿಸಿ ಇದನ್ನು ಒಮ್ಮೆ ತಿದ್ದಿಕೊಂಡರೆ ಸಾಕು. ಇಂಧನ ಬದಲಾಗಿದೆಯೇ ಎಂದೂ ನೋಡಿಕೊಳ್ಳಿ: ಎಥನಾಲ್‌ನಲ್ಲಿ ಅಷ್ಟೇ ಪ್ರಮಾಣದ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ ಇರುವುದರಿಂದ, ಶೇಕಡಾ 10ರ ಮಿಶ್ರಣದಲ್ಲಿ ಶೇಕಡಾ 3ರಷ್ಟು ಇಳಿಕೆ ಸಹಜ. ಅದು ಗಾಡಿಯ ದೋಷವಲ್ಲ.

ಗಾಡಿ ಹಗುರವಾಗಿ ಉರುಳುತ್ತಿದೆಯೇ?

ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಚಕ್ರ ಹಿಡಿದುಕೊಂಡಿದ್ದರೆ ಇಂಧನವೆಲ್ಲ ಬ್ರೇಕ್ ಬಿಸಿ ಮಾಡುವುದರಲ್ಲೇ ಮುಗಿಯುತ್ತದೆ. ಇದನ್ನು ನಾನು ಕಲಿತದ್ದು ಮುಜುಗರದಿಂದ. ಎರಡು ತಿಂಗಳು ಕಾರ್ಬುರೇಟರ್ ಬಿಚ್ಚಿ ಜೋಡಿಸುತ್ತ ಕಳೆದ ಮೇಲೆ, ಒಂದು ಸಂಜೆ ಟೈರಿಗೆ ಗಾಳಿ ನೋಡಲು ಬಾಗಿದಾಗ ಎಡಗಡೆಯ ಹಿಂದಿನ ಚಕ್ರದಿಂದ ಒಲೆಯ ಬಾಯಿಯಂತೆ ಶಾಖ ಮುಖಕ್ಕೆ ಬಡಿಯಿತು. ಹ್ಯಾಂಡ್‌ಬ್ರೇಕಿನ ಕೇಬಲ್ ತನ್ನ ಕವಚದೊಳಗೇ ತುಕ್ಕು ಹಿಡಿದು ಹಿಂದಕ್ಕೆ ಸರಿಯದೆ, ಲೈನರ್ ಡ್ರಮ್ಮಿಗೆ ಸದಾ ಉಜ್ಜುತ್ತಿತ್ತು. ಕಾರ್ಬುರೇಟರಿನಲ್ಲಿ ಯಾವ ದೋಷವೂ ಇರಲಿಲ್ಲ.

ಪರೀಕ್ಷೆ ಸುಲಭ. ಇಪ್ಪತ್ತು ನಿಮಿಷ ಓಡಿಸಿ, ವಾಹನಸಂಚಾರವಿಲ್ಲದ ಸಮತಟ್ಟಾದ ಜಾಗದಲ್ಲಿ ಬ್ರೇಕನ್ನು ಆದಷ್ಟು ಬಳಸದೆ ಗಾಡಿ ತಾನಾಗಿ ನಿಧಾನವಾಗಲು ಬಿಟ್ಟು ನಿಲ್ಲಿಸಿ. ಆಮೇಲೆ ಒಂದೊಂದು ಚಕ್ರದ ನಡುಭಾಗದ ಹತ್ತಿರ, ಮುಟ್ಟದೆ, ಕೈಯ ಹಿಂಬದಿಯನ್ನು ಒಯ್ಯಿರಿ. ಒಂದೇ ಆಕ್ಸಲಿನ ಎರಡು ಚಕ್ರಗಳು ಸರಿಸುಮಾರು ಒಂದೇ ಬಿಸಿಯಲ್ಲಿರಬೇಕು. ಒಂದು ಎದ್ದು ಕಾಣುವಷ್ಟು ಬಿಸಿಯಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಕೆಟ್ಟಿದೆ. ಜಾಕ್ ಏರಿಸಿ, ಗಾಡಿ ಸರಿಯದಂತೆ ಉಳಿದ ಚಕ್ರಗಳಿಗೆ ಅಡ್ಡ ಕಟ್ಟಿ, ಚಕ್ರವನ್ನು ಕೈಯಿಂದ ತಿರುಗಿಸಿದರೆ ಸಂಶಯ ಬಗೆಹರಿಯುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಸಾಮಾನ್ಯವಾಗಿ ಕ್ಯಾಲಿಪರ್ ಜಾರಬೇಕಾದ ಪಿನ್ನುಗಳು ಒಣಗಿ ಬಿಗಿದುಕೊಂಡಿರುತ್ತವೆ; ಸ್ವಚ್ಛಗೊಳಿಸಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿದರೆ ಸರಿಹೋಗುತ್ತದೆ.

ಟೈರಿನ ಗಾಳಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ನಿಜವೂ ಹೌದು, ಆದರೆ ಅದರ ಪಾಲು ಜನ ಭಾವಿಸುವಷ್ಟು ದೊಡ್ಡದಲ್ಲ: ಎಲ್ಲ ಟೈರುಗಳಲ್ಲೂ ಸರಾಸರಿ 1 ಪಿಎಸ್‌ಐ ಇಳಿದರೆ ಮೈಲೇಜ್ ಇಳಿಯುವುದು ಸುಮಾರು ಶೇಕಡಾ 0.2. ಮುಂದಿನ ಟೈರುಗಳು ಒಂದು ಅಂಚಿನಲ್ಲಿ ಮಾತ್ರ ಗರಗಸದ ಹಲ್ಲಿನಂತೆ ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ವ್ಯವಸ್ಥೆಯಿರುವ ಗಾಡಿಯಲ್ಲಿ ಮುಂದಿನ ಹಬ್‌ಗಳನ್ನು ಕೈಯಿಂದ ತಿರುಗಿಸಿ ಲಾಕ್ ಮಾಡುವ ಏರ್ಪಾಡಿದ್ದರೆ, ಕೆಸರಿನಿಂದ ಹೊರಬಂದ ಮೇಲೆ ಅವನ್ನು ಬಿಡಿಸಲು ಮರೆತಿದ್ದೀರಾ ಎಂದು ನೋಡಿ. ಆಟೋಮ್ಯಾಟಿಕ್ ಗಿಯರಿನ ಗಾಡಿಯಲ್ಲಿ ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ, ಕೊನೆಯ ಗಿಯರ್ ಬಿದ್ದ ಮೇಲೆ ಆರ್‌ಪಿಎಂ ಮುಳ್ಳು ಇನ್ನೊಮ್ಮೆ ಇನ್ನೂರು ಮುನ್ನೂರರಷ್ಟು ಇಳಿಯಬೇಕು. ಅದು ಎಂಜಿನ್ನನ್ನು ಗಿಯರ್‌ಬಾಕ್ಸಿಗೆ ದ್ರವದ ಮೂಲಕ ಜೋಡಿಸುವ ಟಾರ್ಕ್ ಕನ್ವರ್ಟರ್ ಜಾರದಂತೆ ಲಾಕ್ ಆದ ಗುರುತು. ಇಳಿಯದಿದ್ದರೆ ಹೆದ್ದಾರಿಯ ಮೈಲೇಜ್ ಉದ್ದಕ್ಕೂ ಸೋರುತ್ತಿರುತ್ತದೆ.

ಎಂಜಿನ್ ಸಾಕಷ್ಟು ಬಿಸಿಯಾಗುತ್ತಿದೆಯೇ?

ಎಂಜಿನ್ ಬಿಸಿಯಾದರೆ ಎಲ್ಲರೂ ಗಾಬರಿಯಾಗುತ್ತಾರೆ, ತಣ್ಣಗಿದ್ದರೆ ಯಾರೂ ಕೇಳುವುದಿಲ್ಲ. ಹಳೆಯ ಗಾಡಿಗಳಲ್ಲಿ ಇಂಧನ ವ್ಯರ್ಥವಾಗಲು ತೀರ ಅಲಕ್ಷಿತವಾದ ಕಾರಣ ಇದೇ ಎಂದು ನನ್ನ ಅಭಿಪ್ರಾಯ. ಹೆಚ್ಚಿನ ಎಂಜಿನ್‌ಗಳು 85ರಿಂದ 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲಸ ಮಾಡುವಂತೆ ರೂಪುಗೊಂಡಿವೆ. ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ಥರ್ಮೋಸ್ಟಾಟ್ ತೆರೆದೇ ಉಳಿದಿದ್ದರೆ, ಅಥವಾ ಹಿಂದೆ ಯಾರೋ ಮೆಕ್ಯಾನಿಕ್ ಗಾಡಿ ಬಿಸಿಯಾಗುತ್ತದೆಂದು ಅದನ್ನು ಕಿತ್ತೇ ಎಸೆದಿದ್ದರೆ, ಎಂಜಿನ್ ಆ ಬಿಸಿಯನ್ನು ಮುಟ್ಟುವುದೇ ಇಲ್ಲ. ಆಗ ಇಂಜೆಕ್ಷನ್ ಇರುವ ಗಾಡಿಯ ಕಂಪ್ಯೂಟರ್ ಎಂಜಿನ್ ಇನ್ನೂ ಬಿಸಿಯಾಗಬೇಕೆಂದು ಭಾವಿಸಿ ಹೆಚ್ಚುವರಿ ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ, ಆಯಿಲ್ ದಪ್ಪಗಿದ್ದು ಘರ್ಷಣೆಯೂ ಹೆಚ್ಚುತ್ತದೆ.

ಬೆಳಿಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ಫ್ಯಾನಿನಿಂದ ಕೈಯನ್ನೂ ಬಟ್ಟೆಯನ್ನೂ ದೂರವಿಟ್ಟುಕೊಂಡು, ರೇಡಿಯೇಟರಿನ ಮೇಲಿನ ಹೋಸನ್ನು ಆಗಾಗ ಮುಟ್ಟುತ್ತಿರಿ. ಥರ್ಮೋಸ್ಟಾಟ್ ಸರಿಯಿದ್ದರೆ ಹೋಸ್ ಕೆಲವು ನಿಮಿಷ ಬಹುಮಟ್ಟಿಗೆ ತಣ್ಣಗೇ ಇದ್ದು, ಆಮೇಲೆ ಥಟ್ಟನೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಮೊದಲ ನಿಮಿಷದಿಂದಲೇ ಉಗುರುಬೆಚ್ಚಗಾಗಿ ನಿಧಾನವಾಗಿ ಏರುತ್ತಿದ್ದರೆ ಥರ್ಮೋಸ್ಟಾಟ್ ಮುಚ್ಚುತ್ತಿಲ್ಲ. ಬದಲಿಸುವಾಗ ಕಂಪನಿ ಹೇಳಿದ ಡಿಗ್ರಿಯದನ್ನೇ ಹಾಕಬೇಕು, ಎಂಜಿನ್ ಪೂರ್ತಿ ಆರುವ ತನಕ ರೇಡಿಯೇಟರ್ ಮುಚ್ಚಳ ತೆರೆಯಬಾರದು. ಥರ್ಮೋಸ್ಟಾಟ್ ಸರಿಯಿದ್ದೂ ಬಿಸಿ ಅಳೆಯುವ ಸೆನ್ಸರ್ ಕೆಟ್ಟಿದ್ದರೆ ಪರಿಣಾಮ ಒಂದೇ. ರಾತ್ರಿಯಿಡೀ ನಿಂತ ಗಾಡಿಗೆ ಸ್ಕ್ಯಾನರ್ ಜೋಡಿಸಿದಾಗ ಕೂಲಂಟ್‌ನ ಉಷ್ಣತೆಯೂ ಒಳಬರುವ ಗಾಳಿಯ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲವಾದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ.

ಇದಕ್ಕೆ ಹೊಂದಿಕೊಂಡಂತೆ ಫ್ಯಾನನ್ನೂ ನೋಡಿ. ಬೆಲ್ಟಿನಿಂದ ತಿರುಗುವ ಫ್ಯಾನಿನ ನಡುವೆ, ಬಿಸಿಯೇರಿದಾಗ ಮಾತ್ರ ಫ್ಯಾನನ್ನು ಜೋರಾಗಿ ತಿರುಗಿಸುವ ವಿಸ್ಕಸ್ ಕ್ಲಚ್ ಇದ್ದು ಅದು ಬಿಗಿದುಕೊಂಡಿದ್ದರೆ, ಎಂಜಿನ್ ವೇಗ ಏರಿದಂತೆಲ್ಲ ವಿಮಾನದಂಥ ಮೊರೆತ ಸದಾ ಕೇಳುತ್ತದೆ, ಆ ಮೊರೆತಕ್ಕೆ ಬೇಕಾದ ಶಕ್ತಿಯೂ ಟ್ಯಾಂಕಿನಿಂದಲೇ ಬರುತ್ತದೆ.

ಇಂಧನ, ಗಾಳಿ, ಕಿಡಿ

ಪ್ಲಗ್ ಬಿಚ್ಚಿ ಬಣ್ಣ ನೋಡುವುದು ಹಳೆಯ ಪದ್ಧತಿಯಾದರೂ ಇಂದಿಗೂ ಉತ್ತಮ ಸಾಕ್ಷಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣದಲ್ಲಿದ್ದರೆ ಮಿಶ್ರಣ ಸರಿಯಿದೆ. ಕೈಗಂಟುವ ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಎಣ್ಣೆಯ ಒದ್ದೆಯಿದ್ದರೆ ಆಯಿಲ್ ಒಳನುಗ್ಗುತ್ತಿದೆ. ಎಲ್ಲ ಪ್ಲಗ್‌ಗಳೂ ಕಪ್ಪಾಗಿದ್ದರೆ ದೋಷ ಎಲ್ಲ ಸಿಲಿಂಡರಿಗೂ ಸಾಮಾನ್ಯವಾದ ಕಡೆ ಇದೆ, ಒಂದೇ ಕಪ್ಪಾಗಿದ್ದರೆ ಆ ಸಿಲಿಂಡರಿನ ವೈರ್, ಇಂಜೆಕ್ಟರ್ ಅಥವಾ ವಾಲ್ವ್ ಕಡೆ ನೋಡಬೇಕು.

ಕಾರ್ಬುರೇಟರ್ ಇದ್ದರೆ ಏರ್ ಫಿಲ್ಟರ್ ಮುಚ್ಚಳ ತೆಗೆದು ಚೋಕಿನ ತಗಡನ್ನು ನೋಡಿ. ಎಂಜಿನ್ ಕಾದ ಮೇಲೆ ಅದು ನೆಟ್ಟಗೆ ನಿಂತು ಗಾಳಿಗೆ ಪೂರ್ತಿ ದಾರಿ ಬಿಟ್ಟಿರಬೇಕು. ಎಂಜಿನ್ ನಿಲ್ಲಿಸಿದ ಮೇಲೂ ಒಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಫ್ಲೋಟ್ ಅಥವಾ ಅದರ ಸೂಜಿ ವಾಲ್ವ್ ಕೆಟ್ಟಿದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಅಂಟಿದ, ಕಿಡಿಯನ್ನು ಬೇಗ ಬೀಳಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಡಬ್ಬಿಯ ಪೈಪನ್ನು ಕಾರ್ಬುರೇಟರಿನ ಕಡೆಯಿಂದ ಕಿತ್ತು, ಒರೆಸಿ, ಬಾಯಿಯಿಂದ ಗಾಳಿ ಎಳೆದು ನಾಲಿಗೆ ಅಡ್ಡ ಹಿಡಿಯಿರಿ: ಒಳಗಿನ ಡಯಾಫ್ರಾಮ್ ಸರಿಯಿದ್ದರೆ ಪೈಪ್ ನಾಲಿಗೆಗೆ ಕಚ್ಚಿಕೊಳ್ಳುತ್ತದೆ, ಹರಿದಿದ್ದರೆ ಗಾಳಿ ಬರುತ್ತಲೇ ಇರುತ್ತದೆ. ಹರಿದ ಡಯಾಫ್ರಾಮಿನಿಂದ ಗಾಡಿ ನಿಲ್ಲುವುದಿಲ್ಲ, ಕೆಮ್ಮುವುದೂ ಇಲ್ಲ. ಆಕ್ಸಿಲರೇಟರ್ ಹಗುರವಾಗಿ ಒತ್ತಿದ ಓಟದಲ್ಲಿ ಕಿಡಿ ತಡವಾಗಿ ಬಿದ್ದು ಇಂಧನ ಮಾತ್ರ ಹೋಗುತ್ತದೆ.

ಪೆಟ್ರೋಲ್ ಇಂಜೆಕ್ಷನ್ ಗಾಡಿಗಳಲ್ಲಿ ಗಾಳಿ ಮತ್ತು ಪೆಟ್ರೋಲಿನ ತೂಕದ ಅನುಪಾತವನ್ನು 14.7ಕ್ಕೆ 1ರ ಆಸುಪಾಸಿನಲ್ಲಿ ಹಿಡಿದಿಡಲು ಕಂಪ್ಯೂಟರಿಗೆ ದಾರಿ ತೋರಿಸುವುದು ಆಕ್ಸಿಜನ್ ಸೆನ್ಸರ್. ಹಳೆಯ ಬಗೆಯದು 0.1 ಮತ್ತು 0.9 ವೋಲ್ಟ್ ನಡುವೆ ಚುರುಕಾಗಿ ಓಲಾಡುತ್ತಿರಬೇಕು. ಅದು ಮುದಿಯಾಗಿ ಮಂದವಾದರೂ ಎಚ್ಚರಿಕೆಯ ದೀಪ ಹೊತ್ತದೇ ಇರಬಹುದು. ಅಮೆರಿಕದಲ್ಲಿ 1996ರಿಂದ ಕಾರು ಮತ್ತು ಲಘು ಟ್ರಕ್‌ಗಳಿಗೆ ಕಡ್ಡಾಯವಾದ, ಗಾಡಿ ತನ್ನ ದೋಷಗಳನ್ನು ತಾನೇ ಗುರುತಿಸುವ ಒಬಿಡಿ-2 ವ್ಯವಸ್ಥೆ ನಿಮ್ಮ ಗಾಡಿಯಲ್ಲಿದ್ದರೆ, ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿದೆ ಅಥವಾ ಕಡಿತಗೊಳಿಸಿದೆ ಎಂಬ ಸಂಖ್ಯೆ, ನೋಡಿ. ಅದು ಋಣ ಶೇಕಡಾ ಹತ್ತನ್ನೂ ದಾಟಿ ಇಳಿದಿದ್ದರೆ ಎಲ್ಲಿಂದಲೋ ಹೆಚ್ಚು ಪೆಟ್ರೋಲ್ ಬರುತ್ತಿದೆ, ಕಂಪ್ಯೂಟರ್ ಅದನ್ನು ಕಡಿತಗೊಳಿಸಲು ಹೆಣಗುತ್ತಿದೆ ಎಂದರ್ಥ. ಆಗ ಇಂಧನದ ಒತ್ತಡ ನಿಯಂತ್ರಿಸುವ ರೆಗ್ಯುಲೇಟರಿನ ಸಣ್ಣ ವ್ಯಾಕ್ಯೂಮ್ ಪೈಪನ್ನು ಕಿತ್ತು ಮೂಸಿ ನೋಡಿ. ಅದರಲ್ಲಿ ಗಾಳಿ ಮಾತ್ರ ಇರಬೇಕು. ಪೆಟ್ರೋಲಿನ ಒದ್ದೆ ಕಂಡರೆ ಕಳ್ಳ ಸಿಕ್ಕಿಬಿದ್ದಂತೆ.

ಏರ್ ಫಿಲ್ಟರ್ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಕಾರ್ಬುರೇಟರ್ ಗಾಡಿಯಲ್ಲಿ ಕಟ್ಟಿಕೊಂಡ ಫಿಲ್ಟರ್ ಮೈಲೇಜ್ ತಿನ್ನುವುದು ನಿಜ. ಕಂಪ್ಯೂಟರ್ ನಿಯಂತ್ರಿತ ಪೆಟ್ರೋಲ್ ಇಂಜೆಕ್ಷನ್‌ನಲ್ಲಿ ಗಾಳಿ ಕಡಿಮೆಯಾದಷ್ಟೂ ಪೆಟ್ರೋಲೂ ಕಡಿಮೆ ಬೀಳುವುದರಿಂದ, ಕೊಳಕು ಫಿಲ್ಟರ್ ಎಳೆತವನ್ನು ಕುಗ್ಗಿಸುತ್ತದೆಯೇ ಹೊರತು ಮೈಲೇಜನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಡೀಸೆಲ್ ಗಾಡಿಯಲ್ಲಿ ಹೊಗೆಯೇ ಸಾಕ್ಷಿ. ಭಾರ ಹೊತ್ತು ಏರು ಹತ್ತುವಾಗ ದಟ್ಟ ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಹೆಚ್ಚಾಗಿದೆ. ಟರ್ಬೊ ಇದ್ದರೆ ಅದರಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸುಗಳ ಕೆಳಭಾಗವನ್ನು ಬೆರಳಿಂದ ಸವರಿ. ಸೀಳಿದ ಜಾಗದಲ್ಲಿ ಎಣ್ಣೆಯ ಪಸೆ ಅಂಟುತ್ತದೆ. ಆ ಹೋಸ್ ಸರಿಯಿದ್ದರೆ ಮಾತ್ರ ಇಂಜೆಕ್ಟರುಗಳ ಪರೀಕ್ಷೆಗೆ ಹಣ ಹಾಕಿ.

ಹೊರೆ ಮತ್ತು ವೇಗ

ಗಾಡಿಯ ಹಿಂದಿನ ತೊಟ್ಟಿಯ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿರುವ ಸರಪಳಿ, ಮರಳಿನ ಚೀಲಗಳನ್ನು ಇಳಿಸಿ. ಸುಮಾರು 45 ಕೆಜಿ ಹೆಚ್ಚುವರಿ ಭಾರಕ್ಕೆ ಶೇಕಡಾ 1ರಷ್ಟು ಮೈಲೇಜ್ ಹೋಗುತ್ತದೆ. ವೇಗದ ಲೆಕ್ಕ ಇದಕ್ಕಿಂತ ಕಠೋರ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 80ರಿಂದ 100 ಕಿಮೀಗೆ ಹೋದಾಗ ಅದು ಶೇಕಡಾ 56ರಷ್ಟು ಹೆಚ್ಚುತ್ತದೆ, ಪಿಕಪ್‌ನ ಚಚ್ಚೌಕ ಮೂತಿಗೆ ಅದು ಇನ್ನೂ ದುಬಾರಿ. ಹಿಂಬಾಗಿಲು ಇಳಿಸಿಕೊಂಡು ಓಡಿಸಿದರೆ ಗಾಳಿ ಸಲೀಸಾಗಿ ಹೋಗುತ್ತದೆಂಬ ನಂಬಿಕೆ ಹರಡಿದೆ. ವಾಸ್ತವದಲ್ಲಿ ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗೆ ಗಾಳಿಯ ಸುಳಿಯೊಂದು ನೆಲೆನಿಂತು, ಮೇಲಿನ ಗಾಳಿ ಅದರ ಮೇಲೆ ಜಾರಿಹೋಗುತ್ತದೆ. ಬಾಗಿಲು ಮುಚ್ಚಿಯೇ ಇರಲಿ.

ಇಷ್ಟೆಲ್ಲ ಸರಿಯಿದ್ದೂ ಸಂಖ್ಯೆ ಏರದಿದ್ದರೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಅತಿ ಕಡಿಮೆ ಬಂದ ಸಿಲಿಂಡರ್ ಅತಿ ಹೆಚ್ಚು ಬಂದದ್ದರ ಶೇಕಡಾ 75ಕ್ಕಿಂತ ಕೆಳಗಿರಬಾರದು. ಪೆಟ್ರೋಲ್ ಎಂಜಿನ್ನಿನಲ್ಲಿ ದುರ್ಬಲ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ಸವೆದಿರುವುದು ಪಿಸ್ಟನ್ ರಿಂಗ್, ಏರದಿದ್ದರೆ ಬಹುಶಃ ವಾಲ್ವ್. ವಾಲ್ವ್‌ಗಳ ದೋಷ ಬರೀ ಕ್ಲಿಯರೆನ್ಸ್ ಹೊಂದಿಸಿದರೇ ಹೋಗಬಹುದು, ಅದನ್ನು ಮೊದಲು ಮಾಡಿಸಿ. ರಿಂಗ್ ಎಂದಾದರೆ ಎಂಜಿನ್ ಬಿಚ್ಚಲೇಬೇಕು. ಆಗ ಮೂರು ಟ್ಯಾಂಕುಗಳ ಆ ಸರಾಸರಿಯನ್ನು ಎದುರಿಗಿಟ್ಟುಕೊಂಡು, ವರ್ಷಕ್ಕೆ ಎಷ್ಟು ಲೀಟರ್ ಉಳಿಯುತ್ತದೆ, ಆ ಉಳಿತಾಯದಲ್ಲಿ ರಿಪೇರಿಯ ಖರ್ಚು ಎಷ್ಟು ವರ್ಷಕ್ಕೆ ತೀರುತ್ತದೆ ಎಂದು ಲೆಕ್ಕ ಹಾಕಿ ನಿರ್ಧರಿಸಿ.